ನಗುವುದೂ ಒಂದು ಬಿಟ್ಟಿ ಚಾಕರಿ

‘ಚಿಕ್ಕಪ್ಪ, ಸ್ವೆಟರ್ ತಗೊಂಡ್ರಾ?’ ಎಂದು ಅಣ್ಣನ ಮಗಳು ಕೇಳಿದಾಗ ಹೊರಗೆ ಜೂನ್ ತಿಂಗಳ ಬಿಸಿಲು ಚುರುಗುಡುತ್ತಿತ್ತು. ನ್ಯೂಜೆರ್ಸಿಯ ಅವಳ ಮನೆಯಿಂದ ರೈಲು ಹಿಡಿದು ಮ್ಯಾನ್‌ಹಟನ್ನಿಗೆ ಹೊರಟಿದ್ದೆವು. ಟಿವಿಯಲ್ಲಿ ರಾತ್ರಿ 11.35ಕ್ಕೆ ಬರುವ ಕಾರ್ಯಕ್ರಮ. ಅದಕ್ಕೆ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದದ್ದೇ ಹೊರಡಬೇಕು, ಅದೂ ಸ್ವೆಟರ್ ಹೊತ್ತುಕೊಂಡು! ಊರಲ್ಲಿ ರಾತ್ರಿಯಿಡೀ ಬಯಲಾಟ ನೋಡಲು ಕಂಬಳಿ ಒಯ್ಯುತ್ತಿದ್ದೆವು, ನಿಜ. ಅದು ಮಾಗಿಯ ಚಳಿಗೆ. ಬೇಸಿಗೆಯಲ್ಲಿ ಯಾರು ಒಯ್ಯುತ್ತಾರೆ?

ನಾವು ಹೊರಟಿದ್ದು ಬ್ರಾಡ್‌ವೇಯಲ್ಲಿ 53 ಮತ್ತು 54ನೇ ಬೀದಿಗಳ ನಡುವೆ ಇರುವ ಎಡ್ ಸಲ್ಲಿವನ್ ಥಿಯೇಟರಿಗೆ. ಸ್ಟೀಫನ್ ಕೋಲ್ಬೇರ್ ಅವರ ‘ದ ಲೇಟ್ ಶೋ’ ಚಿತ್ರೀಕರಣ ನಡೆಯುತ್ತಿದ್ದುದು ಅಲ್ಲಿಯೇ. (ಹೆಸರಿನ ಕೊನೆಯಲ್ಲಿ ಒಂದು ‘ಟಿ’ ಇದೆ, ಅವರು ಅದನ್ನು ನುಂಗುತ್ತಾರೆ.) ಸ್ವೆಟರಿನ ಕಥೆ ಮಾತ್ರ ಅವರಿಗಿಂತ ಹಿಂದಿನದು. 1993ರಿಂದ 2015ರವರೆಗೆ ಇದೇ ವೇದಿಕೆಯಲ್ಲಿ ಡೇವಿಡ್ ಲೆಟರ್‌ಮನ್ ಕೂರುತ್ತಿದ್ದರು. ಸಭಾಂಗಣ ಸದಾ ತಣ್ಣಗಿರಬೇಕು ಎಂಬುದು ಅವರ ಹಟ. 60 ಡಿಗ್ರಿ ಫ್ಯಾರನ್‌ಹೀಟ್‌ಗೂ ಕೆಳಗೆ ಇಡಿಸುತ್ತಿದ್ದರು, ಹೆಚ್ಚುಕಡಿಮೆ ಮಡಿಕೇರಿಯ ಡಿಸೆಂಬರ್ ಬೆಳಗಿನ ಹಾಗೆ. ದೀಪಗಳ ಕಾವನ್ನು ತಡೆಯುವುದು ಒಂದು ಕಾರಣ. ಇನ್ನೊಂದು ಇನ್ನೂ ಸರಳ: ಬೆಚ್ಚಗೆ ಕೂತವನಿಗೆ ತೂಕಡಿಕೆ ಬರುತ್ತದೆ, ತೂಕಡಿಸುವವನು ನಗುವುದಿಲ್ಲ. ಲೆಟರ್‌ಮನ್ ನಿವೃತ್ತರಾದರೂ ಆ ಚಳಿ ನಿವೃತ್ತವಾಗಲಿಲ್ಲ.

ಟಿಕೆಟ್ ಪುಕ್ಕಟೆ. ಒಂದು ಸಾಧಾರಣ ಸಂಗೀತ ನಾಟಕಕ್ಕೂ ನೂರು ಡಾಲರ್ ದಾಟುವ ಬೀದಿಯಲ್ಲಿ, ಅಮೆರಿಕದ ಹೆಸರಾಂತ ನಿರೂಪಕನನ್ನು ಹತ್ತು ಮಾರು ದೂರದಿಂದ ನೋಡಲು ಒಂದು ಕಾಸೂ ಕೊಡಬೇಕಿಲ್ಲ. ನನಗೆ ಅನುಮಾನ ಬಂತು. ಅಂಗಡಿಯಲ್ಲಿ ಏನನ್ನಾದರೂ ಪುಕ್ಕಟೆ ಕೊಡುತ್ತಾರೆಂದರೆ ಅಲ್ಲಿ ಮಾರಾಟವಾಗುತ್ತಿರುವುದು ಬೇರೆ ಏನೋ ಇರಬೇಕು. ಮೂರು ತಾಸು ಕಳೆಯುವುದರೊಳಗೆ ಅದು ಏನೆಂದು ತಿಳಿಯಿತು. ನಾವೇ. ನಮ್ಮ ನಗು, ನಮ್ಮ ಚಪ್ಪಾಳೆ, ಬಾಯಿ ತೆರೆದು ಹಾಕುವ ‘ಓ’ಕಾರ.

ಟಿಕೆಟ್ ಕೈಯಲ್ಲಿದ್ದರೆ ಒಳಗೆ ಬಿಟ್ಟೇಬಿಡುತ್ತಾರೆ ಎಂದೇನೂ ಇಲ್ಲ. ಸೀಟುಗಳಿಗಿಂತ ಹೆಚ್ಚು ಟಿಕೆಟ್ ಹಂಚುವುದು ಈ ಟಾಕ್ ಶೋಗಳೆಲ್ಲದರ ರೂಢಿ, ಟಿಕೆಟಿನ ಮೇಲೆಯೇ ಹಾಗೆಂದು ಬರೆದಿರುತ್ತದೆ. ಪುಕ್ಕಟೆ ಪಡೆದವರಲ್ಲಿ ಒಂದಷ್ಟು ಜನ ಬರುವುದೇ ಇಲ್ಲ. ಕ್ಯಾಮೆರಾ ತಿರುಗಿದಾಗ ಒಂದು ಖಾಲಿ ಕುರ್ಚಿ ಕಂಡರೂ ಕಾರ್ಯಕ್ರಮದ ಮಾನ ಹೋಯಿತು. ಆದ್ದರಿಂದ ಮೊದಲು ಬಂದವರಿಗೆ ಮೊದಲ ಅವಕಾಶ, ತಡವಾಗಿ ಬಂದವರಿಗೆ ಒಂದು ನಮಸ್ಕಾರ. ಟಿಕೆಟ್ಟೇ ಇಲ್ಲದವರು ‘ಸ್ಟ್ಯಾಂಡ್‌ಬೈ’ ಸಾಲಿನಲ್ಲಿ ನಿಂತು ಅದೃಷ್ಟ ನೋಡುತ್ತಾರೆ. ಲೆಟರ್‌ಮನ್ ಕಾಲದಲ್ಲಿ ಇನ್ನೂ ಒಂದು ಪರೀಕ್ಷೆ ಇತ್ತು. ಟಿಕೆಟ್ ಕೇಳಿದವರಿಗೆ ಫೋನು ಮಾಡಿ ಕಾರ್ಯಕ್ರಮದ ಬಗ್ಗೆ ಒಂದು ಸಣ್ಣ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಗೊತ್ತಿದ್ದವನು ನಿಜವಾದ ಅಭಿಮಾನಿ, ಅವನು ನಗುತ್ತಾನೆ ಎಂಬ ಲೆಕ್ಕಾಚಾರ. ಕೆಲಸಕ್ಕೆ ತೆಗೆದುಕೊಳ್ಳುವಾಗ ನಡೆಸುವ ಸಂದರ್ಶನಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನನಗೆ ಈಗಲೂ ಹೊಳೆದಿಲ್ಲ.

ಸಾಲಿನಲ್ಲಿ ನಿಂತವನಿಗೆ ಕಟ್ಟಡ ನೋಡಲು ಬೇಕಾದಷ್ಟು ಹೊತ್ತು. ಆರ್ಥರ್ ಹ್ಯಾಮರ್‌ಸ್ಟೈನ್ ಎಂಬ ನಿರ್ಮಾಪಕ ತನ್ನ ತಂದೆಯ ನೆನಪಿಗೆ 1927ರಲ್ಲಿ ಕಟ್ಟಿಸಿದ ನಾಟಕಮಂದಿರವಿದು. ಒಳಗಿನ ಕಮಾನುಗಳನ್ನು ನೋಡಿದರೆ ಇಗರ್ಜಿ ಹೊಕ್ಕಂತೆ. 1936ರಲ್ಲಿ ಸಿಬಿಎಸ್ ಕಂಪನಿ ಇದನ್ನು ರೇಡಿಯೊ ಕಾರ್ಯಕ್ರಮಗಳಿಗೆ ಬಳಸತೊಡಗಿತು, ಆಮೇಲೆ ಟಿವಿ ಬಂತು. ಇಲ್ಲಿಂದ ಟಿವಿ ಕಾರ್ಯಕ್ರಮ ನಡೆಸಿ ಮಂದಿರಕ್ಕೆ ತಮ್ಮ ಹೆಸರು ಬಿಟ್ಟುಹೋದ ಎಡ್ ಸಲ್ಲಿವನ್ ಮೂಲತಃ ಪತ್ರಿಕೆಯ ಅಂಕಣಕಾರ, ನಗೆಯೇ ಇಲ್ಲದ ಬಿಗಿ ಮೋರೆಯವರು. ಅಂಥವರು ದೇಶಕ್ಕೆಲ್ಲ ಮನರಂಜನೆ ಹಂಚುವವರಾದರು. ಅಂಕಣಕಾರರಿಗೂ ಒಂದು ಕಾಲ ಬರುತ್ತದೆ ಎಂದು ನಾನು ಸಮಾಧಾನಪಟ್ಟುಕೊಂಡೆ. 1964ರ ಫೆಬ್ರುವರಿ 9ರಂದು ಬೀಟಲ್ಸ್ ತಂಡ ಈ ವೇದಿಕೆಯಲ್ಲಿ ಹಾಡಿದಾಗ ಇದ್ದ ಸೀಟುಗಳು 728, ಟಿಕೆಟ್ ಕೇಳಿ ಬಂದ ಕೋರಿಕೆಗಳು 50 ಸಾವಿರ. ಮನೆಗಳಲ್ಲಿ ಕೂತು ನೋಡಿದವರು 7 ಕೋಟಿ 30 ಲಕ್ಷ. ಆ 7 ಕೋಟಿಗೆ ಇದು ಏನೋ ಮಹತ್ತಾದ ಘಟನೆ ಎಂದು ತಿಳಿಸಿಕೊಟ್ಟವರು ಯಾರು? ಒಳಗೆ ಕೂತು ಗಂಟಲು ಹರಿಯುವಂತೆ ಕಿರುಚಿದ ಆ 728 ಮಂದಿ. ಹುಡುಗಿಯರ ಆ ಕಿರುಚಾಟವಿಲ್ಲದೆ ಅದೇ ಹಾಡು ಕೇಳಿಸಿದ್ದರೆ ಅದು ಬರೀ ಹಾಡಾಗಿರುತ್ತಿತ್ತು.

ಈ ಬೀದಿಯ ಗುಣವೇ ಹಾಗೇನೋ, ಹತ್ತಿರ ಸುಳಿದವರನ್ನೆಲ್ಲ ಒಳಗೆಳೆದುಕೊಳ್ಳುತ್ತದೆ. ಪಕ್ಕದ ಒಂದು ಉಡುಗೊರೆ ಅಂಗಡಿಯಲ್ಲಿ ಮುಜಿಬುರ್ ರೆಹಮಾನ್, ಸಿರಾಜುಲ್ ಇಸ್ಲಾಂ ಎಂಬ ಬಾಂಗ್ಲಾದೇಶ ಮೂಲದ ಇಬ್ಬರು ಕೆಲಸಕ್ಕಿದ್ದರು. 1993ರಲ್ಲಿ ಲೆಟರ್‌ಮನ್ ಕ್ಯಾಮೆರಾ ಹಿಡಿಸಿಕೊಂಡು ಆ ಅಂಗಡಿಗೆ ನುಗ್ಗಿ ಮಾತಾಡಿಸಿದರು. ನೋಡನೋಡುತ್ತಿದ್ದಂತೆ ಅವರು ಅಮೆರಿಕದ ಮನೆಮಾತಾದರು. ಟೀಶರ್ಟು ಮಾರುತ್ತಿದ್ದವರನ್ನು ನೋಡಲು ಪ್ರವಾಸಿಗರು ಬರತೊಡಗಿದರು.

ಒಳಗೆ ಹೋದೊಡನೆ ಮೊದಲು ಅನಿಸುವುದು, ‘ಇಷ್ಟೇನಾ?’ ಟಿವಿಯಲ್ಲಿ ಮೈದಾನದಂತೆ ಕಾಣುವ ಜಾಗ ನಿಜಕ್ಕೆ ನಮ್ಮ ಜಿಲ್ಲಾ ಕೇಂದ್ರದ ಒಂದು ಮದುವೆ ಛತ್ರದಷ್ಟು. ಸಾವಿರಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ ಮಂದಿರವಿದು. ಟಿವಿಗೆ ಬೇಕಾದ ವೇದಿಕೆ, ಯಂತ್ರ, ಕ್ಯಾಮೆರಾಗಳೆಲ್ಲ ಬಂದು ಈಗ ನಾನೂರರ ಆಸುಪಾಸಿಗೆ ಇಳಿದಿದೆ. ತಲೆಯೆತ್ತಿದರೆ ಸುಂದರವಾದ ಗುಮ್ಮಟ. ಧ್ವನಿ ಹೀರುವ ಹಲಗೆಗಳಡಿ ಹುದುಗಿಹೋಗಿದ್ದ ಅದು 2015ರ ನವೀಕರಣದಲ್ಲಿ ಮತ್ತೆ ಹೊರಬಂತು. ಗುಮ್ಮಟಕ್ಕಿಂತ ಕೆಳಗೆ, ನಮ್ಮ ತಲೆಯ ಮೇಲೆ ಸಾಲಾಗಿ ಏನೋ ತೂಗುತ್ತಿದ್ದವು. ಮೈಕುಗಳು! ವೇದಿಕೆಯವರಿಗಲ್ಲ, ನಮಗೆ. ನಿರೂಪಕನ ಕೊರಳಿಗೆ ಒಂದು ಮೈಕು, ಅತಿಥಿಗೆ ಒಂದು, ಪ್ರೇಕ್ಷಕರ ನಗುವಿಗೆ ಮಾತ್ರ ಆ ತುದಿಯಿಂದ ಈ ತುದಿಯವರೆಗೆ ತೋರಣ. ಯಾರಿಗೆ ಎಷ್ಟು ಬೆಲೆ ಎಂದು ತಿಳಿಯಲು ಇನ್ನೇನು ಬೇಕು?

ಇನ್ನು ಕಾವು ಕೊಡುವ ಕೆಲಸ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದ ಮೇಲೆಯೇ ಬಾರಿಸುವುದು ತಾನೆ? ಹಾಗೇ ಪ್ರೇಕ್ಷಕರನ್ನು ಕಾಯಿಸಲು ಒಬ್ಬ ಇರುತ್ತಾನೆ, ವಾರ್ಮ್‌-ಅಪ್ ಕಾಮಿಡಿಯನ್. ಟಿವಿಯಲ್ಲಿ ಆತ ಎಂದೂ ಕಾಣಿಸುವುದಿಲ್ಲ. ಯಾವ ಊರು, ಏನು ಕೆಲಸ, ಪಕ್ಕದಲ್ಲಿರುವವರು ಹೆಂಡತಿಯೋ ಅತ್ತೆಯೋ ಎಂದು ಒಬ್ಬೊಬ್ಬರನ್ನೇ ಕೆಣಕುತ್ತ ಹೋಗುತ್ತಾನೆ. ನಮ್ಮ ಹಿಂದಿನ ಸಾಲಿನಲ್ಲಿ ಒಬ್ಬ ದಂತವೈದ್ಯರಿದ್ದರು, ಪಾಪ, ಸರಿಯಾಗಿ ಸಿಕ್ಕಿಬಿದ್ದರು. ಮಧ್ಯೆ ಮಧ್ಯೆ ಪಾಠ. ಮುಗುಳ್ನಗೆ ಮೈಕಿಗೆ ಕೇಳಿಸುವುದಿಲ್ಲ, ಜೋರಾಗಿ ನಗಿ. ಬಾಯಿಗೆ ಕೈ ಅಡ್ಡ ಇಡಬೇಡಿ. ಮೊಬೈಲು ಆಫ್ ಮಾಡಿ. ನೀವು ಚೆನ್ನಾಗಿದ್ದರೆ ಆತನೂ ಚೆನ್ನಾಗಿರುತ್ತಾನೆ. ಹೀಗೆ ಹೇಳಿ ಮೂರ್ನಾಲ್ಕು ಬಾರಿ ಚಪ್ಪಾಳೆಯ ತಾಲೀಮು ನಡೆಸಿದ. ನಾನೂರು ಜನ, ಎದುರಿಗೆ ಯಾರೂ ಇಲ್ಲದ ಖಾಲಿ ಮೇಜಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ವಯಸ್ಸಿಗೆ ಬಂದ ಮನುಷ್ಯ ಇಂಥದ್ದು ಮಾಡಬಾರದು ಎಂದುಕೊಳ್ಳುತ್ತಲೇ ನಾನೂ ತಟ್ಟಿದೆ. ಅಷ್ಟರಲ್ಲಿ ಬ್ಯಾಂಡ್ ಬಂತು. ಆಗ ಹಿಮ್ಮೇಳದ ಮುಂದಾಳು ಜಾನ್ ಬಟೀಸ್ಟ್; ಮೆಲೋಡಿಕಾ ಊದುತ್ತ ಕುರ್ಚಿಗಳ ಸಾಲಿನೊಳಗೇ ಇಳಿದುಬಂದರು. ಆ ಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಣ್ಣನ ಮಗಳು ನನ್ನ ಕಡೆ ತಿರುಗಿ, ‘ಚಿಕ್ಕಪ್ಪ, ನೀವು ಕುಣೀತಿದೀರಾ?’ ಎಂದಳು. ಚಳಿಗೆ ಎಂದೆ.

ರಾತ್ರಿಯ ಕಾರ್ಯಕ್ರಮವನ್ನು ಸಂಜೆ ಯಾಕೆ ಮಾಡುತ್ತಾರೆ? ಮೊದಲು ಹೀಗಿರಲಿಲ್ಲ. 1954ರ ಸೆಪ್ಟೆಂಬರಿನಲ್ಲಿ ಸ್ಟೀವ್ ಆ್ಯಲನ್ ಇದೇ ನ್ಯೂಯಾರ್ಕಿನ ಹಡ್ಸನ್ ಥಿಯೇಟರಿನಿಂದ ‘ಟುನೈಟ್’ ಶುರುಮಾಡಿದಾಗ ಅದು ನಡುರಾತ್ರಿ ದಾಟುವ ನೇರ ಪ್ರಸಾರವೇ. 1956ರಲ್ಲಿ ವಿಡಿಯೊ ಟೇಪ್ ಯಂತ್ರ ಬಂತು. ನಿದ್ದೆಗೆಟ್ಟು ದುಡಿಯುವ ಅಗತ್ಯ ತಪ್ಪಿತು. ಆ ದಶಕ ಮುಗಿಯುವ ಹೊತ್ತಿಗೆ ಸಂಜೆಯೇ ಮುದ್ರಿಸಿಟ್ಟು ರಾತ್ರಿ ಬಿತ್ತರಿಸುವುದು ರೂಢಿಯಾಯಿತು. 1962ರಿಂದ 1992ರವರೆಗೆ, ಮೂವತ್ತು ವರ್ಷ, ಜಾನಿ ಕಾರ್ಸನ್ ಅಮೆರಿಕವನ್ನು ಮಲಗಿಸಿದ್ದು ಹೀಗೆ ಸಂಜೆ ಹೊತ್ತು ಆಡಿದ ಮಾತುಗಳಿಂದ. ರಾಷ್ಟ್ರಾಧ್ಯಕ್ಷರ ವಾರ್ಷಿಕ ಭಾಷಣದ ರಾತ್ರಿಯಂಥ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಕೋಲ್ಬೇರ್ ನೇರ ಪ್ರಸಾರಕ್ಕೆ ಕೂರುತ್ತಿದ್ದರು.

ಟೇಪ್ ಎಂದರೆ ನಿಲ್ಲಿಸಿ ನಿಲ್ಲಿಸಿ ತೆಗೆಯುತ್ತಾರೆ ಎಂದು ನಾನು ತಿಳಿದಿದ್ದೆ. ನಮ್ಮ ವಾಹಿನಿಗಳ ರಿಯಾಲಿಟಿ ಶೋ ಚಿತ್ರೀಕರಣಕ್ಕೆ ಒಮ್ಮೆ ಹೋಗಿ ಬೆಳಗಿನ ತಿಂಡಿಯಿಂದ ರಾತ್ರಿ ಊಟದವರೆಗೆ ಕೂತ ಅನುಭವ. ಇಲ್ಲಿ ಹಾಗಲ್ಲ. ಒಂದು ತಾಸಿನ ಕಾರ್ಯಕ್ರಮ ಹೆಚ್ಚುಕಡಿಮೆ ಒಂದು ತಾಸು, ಸ್ವಲ್ಪ ಮೇಲೆ. ಜಾಹೀರಾತಿಗೆ ಎಷ್ಟು ಬಿಡುವೋ ಸುಮಾರು ಅಷ್ಟೇ ಬಿಡುವು ಇಲ್ಲಿಯೂ. ಆಗ ಬ್ಯಾಂಡ್ ಮೊಳಗುತ್ತದೆ, ನಿರ್ಮಾಪಕರು ಕಾಗದ ಹಿಡಿದು ಮೇಜಿನ ಸುತ್ತ ಮುತ್ತಿಕೊಳ್ಳುತ್ತಾರೆ. ಏನನ್ನು ಕೈಬಿಡಬೇಕು, ಏನನ್ನು ಉಳಿಸಬೇಕು ಎಂಬ ಗುಸುಗುಸು. ಟಿವಿಯಲ್ಲಿ ಕಾಣದ ಆ ಎರಡು ಮೂರು ನಿಮಿಷಗಳೇ ನನಗೆ ಹೆಚ್ಚು ಹಿಡಿಸಿದವು. ಒಬ್ಬಾಕೆ ಓಡಿಬಂದು ಮುಖಕ್ಕೆ ಪೌಡರ್ ಹಚ್ಚುತ್ತಾಳೆ, ಅಷ್ಟು ಹೊತ್ತು ಆ ಮುಖದ ಮೇಲಿನ ನಗು ರಜೆಯ ಮೇಲೆ ಹೋಗಿರುತ್ತದೆ. ಎಲ್ಲಾದರೂ ನಾಲಿಗೆ ತೊಡರಿದ್ದರೆ ಆ ಸಾಲನ್ನು ಮತ್ತೆ ಹೇಳುವುದೂ ಉಂಟು. ಆಗ ನಮ್ಮ ಪಾಲಿನ ಕಷ್ಟ ನೋಡಿ: ಕೇಳಿದ ಜೋಕಿಗೆ ಕೇಳಿಯೇ ಇಲ್ಲವೆಂಬಂತೆ ನಗಬೇಕು.

ಅಂದಿನ ಜೋಕುಗಳು ಅಂದಂದಿನವೇ. ಬೆಳಿಗ್ಗೆ ಬರಹಗಾರರು ಸುದ್ದಿ ಹರಡಿಕೊಂಡು ಕೂರುತ್ತಾರೆ, ಮಧ್ಯಾಹ್ನ ಸಿಬ್ಬಂದಿಯ ಮುಂದೆ ತಾಲೀಮು, ನಗು ಬಾರದ್ದಕ್ಕೆ ಕತ್ತರಿ, ಸಂಜೆ ನಮ್ಮ ಮುಂದೆ. ಅತಿಥಿಯ ಹರಟೆಯೂ ಪೂರಾ ಹರಟೆಯಲ್ಲ. ಮೊದಲೇ ಒಬ್ಬ ನಿರ್ಮಾಪಕ ಫೋನಿನಲ್ಲಿ ಮಾತಾಡಿ ಯಾವ ಕಥೆ ಹೇಳಬೇಕೆಂದು ಗೊತ್ತುಮಾಡಿಕೊಂಡಿರುತ್ತಾನೆ. ನಿರೂಪಕನ ಕೈಯ ಚೀಟಿಗಳಲ್ಲಿ ಇರುವುದು ಅದೇ. ಅಂದು ಬಂದ ಅತಿಥಿ ಹೊಸ ಸಿನಿಮಾದ ಪ್ರಚಾರಕ್ಕೆ ಬಂದಿದ್ದರು, ಪ್ರಚಾರ ಮಾಡಿ ಹೋದರು. ಅಷ್ಟು ಸಾಕು.

ಚಪ್ಪಾಳೆಯ ಫಲಕದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ದೀಪ ಹೊತ್ತಿದಾಗ ತಟ್ಟಬೇಕು, ಆರಿದಾಗ ನಿಲ್ಲಿಸಬೇಕು. ಪಕ್ಕದಲ್ಲಿ ಒಬ್ಬ ಕೈಯನ್ನು ಗಾಳಿಯಲ್ಲಿ ಸುತ್ತಿಸುತ್ತ ‘ಇನ್ನೂ, ಇನ್ನೂ’ ಎಂದು ಹುರಿದುಂಬಿಸುತ್ತಾನೆ. ನನಗೆ ಆಗ ನಮ್ಮ ಕಂಪನಿ ನಾಟಕಗಳ ನೆನಪು ಬಂತು. ಅಲ್ಲಿ ಹಿಂದಿನ ಬೆಂಚಿನಿಂದ ‘ಒನ್ಸ್ ಮೋರ್’ ಎಂದು ಕೂಗು ಬಿದ್ದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯಬೇಕಿತ್ತಂತೆ. ದುಡ್ಡು ಕೊಟ್ಟ ಪ್ರೇಕ್ಷಕ ನಟನನ್ನು ಕುಣಿಸುತ್ತಿದ್ದ. ಇಲ್ಲಿ ದುಡ್ಡು ಕೊಡದ ಪ್ರೇಕ್ಷಕನನ್ನು ದೀಪ ಕುಣಿಸುತ್ತದೆ.

ಹಾಗಾದರೆ ಇದೆಲ್ಲ ಬರೀ ನಾಟಕವೋ? ಅಲ್ಲ ಎಂಬುದೇ ಸೋಜಿಗ. ಸುಳ್ಳು ನಗು ಬೇಕಿದ್ದರೆ ಅಮೆರಿಕದಲ್ಲಿ ಅದಕ್ಕೆ ಯಂತ್ರವೇ ಇತ್ತು. 1950ರ ದಶಕದಲ್ಲಿ ಸಿಬಿಎಸ್‌ನ ಧ್ವನಿ ಎಂಜಿನಿಯರ್ ಚಾರ್ಲ್ಸ್ ಡಗ್ಲಸ್ ಒಂದು ಪೆಟ್ಟಿಗೆ ಮಾಡಿದ. ಮುದ್ರಿಸಿಟ್ಟ ನಗುಗಳು ಅದರೊಳಗೆ. ಈ ಕೀಲಿ ಒತ್ತಿದರೆ ಕಿಸಕ್, ಆ ಕೀಲಿಗೆ ಗೊಳ್, ಕಾಲಿನ ಪೆಡಲ್ಲು ತುಳಿದರೆ ಏರಿಳಿತ. ನಗುವಿನ ಹಾರ್ಮೋನಿಯಂ! ಬೀಗ ಜಡಿದ ಆ ಪೆಟ್ಟಿಗೆಯನ್ನು ಸ್ಟುಡಿಯೊದಿಂದ ಸ್ಟುಡಿಯೊಗೆ ತಳ್ಳಿಕೊಂಡು ಹೋಗಿ ಹಾಸ್ಯ ಧಾರಾವಾಹಿಗಳಿಗೆ ನಗು ತುಂಬಿ ಬರುತ್ತಿದ್ದ. ಆದರೆ ತಡರಾತ್ರಿಯ ಟಾಕ್ ಶೋಗೆ ಅದು ಸಾಲದು, ಯಾಕೆಂದರೆ ಇಲ್ಲಿ ನಗು ಬೇಕಿರುವುದು ಮನೆಯವರಿಗಿಂತ ಮೊದಲು ವೇದಿಕೆಯವನಿಗೆ. ಎಷ್ಟು ಹೊತ್ತು ತಡೆಯಬೇಕು, ಮುಂದಿನ ಸಾಲು ಯಾವಾಗ ಎಸೆಯಬೇಕು, ಈ ಜೋಕು ಸತ್ತಿತೋ ಬದುಕಿತೋ ಎಲ್ಲವನ್ನೂ ಆತ ನಮ್ಮಿಂದ ಓದುತ್ತಾನೆ. ಇದೇ ಊರಿನ ‘ಸ್ಯಾಟರ್‌ಡೇ ನೈಟ್ ಲೈವ್’ನವರು ಪ್ರೇಕ್ಷಕರನ್ನು ನೇರವಾಗಿ ತಕ್ಕಡಿಯಾಗಿಯೇ ಬಳಸುತ್ತಾರೆ. 1975ರಿಂದ ಬರುತ್ತಿರುವ ಆ ಕಾರ್ಯಕ್ರಮ ರಾತ್ರಿ 11.30ಕ್ಕೆ ನಿಜವಾಗಿ ನೇರ ಪ್ರಸಾರ. ಅದಕ್ಕೆ ಮುಂಚೆ ಎಂಟು ಗಂಟೆಗೆ ಬೇರೆಯೇ ಪ್ರೇಕ್ಷಕರ ಮುಂದೆ ಪೂರ್ತಿ ತಾಲೀಮು ಆಡುತ್ತಾರೆ. ಆ ಜನ ನಗದ ಪ್ರಹಸನ ಹನ್ನೊಂದೂವರೆಗೆ ಇರುವುದಿಲ್ಲ. ಎರಡನೆಯ ಪ್ರದರ್ಶನದ ಟಿಕೆಟಿಗೆ ಎಲ್ಲರೂ ಬಡಿದಾಡುತ್ತಾರೆ. ಅಧಿಕಾರ ಇರುವುದು ಮೊದಲನೆಯದರಲ್ಲಿ ಕೂತವರ ಕೈಯಲ್ಲಿ.

ಪ್ರೇಕ್ಷಕರಿಲ್ಲದೆ ಏನಾಗುತ್ತದೆ ಎಂಬುದನ್ನು ಕೊರೊನಾ ತೋರಿಸಿತು. 2020ರ ಮಾರ್ಚಿನಲ್ಲಿ ಥಿಯೇಟರುಗಳು ಮುಚ್ಚಿದವು. ಕೋಲ್ಬೇರ್ ತಮ್ಮ ಮನೆಯ ಬಚ್ಚಲಿನ ತೊಟ್ಟಿಯಲ್ಲಿ ಸೂಟು ತೊಟ್ಟು ಕೂತು ಜೋಕು ಹೇಳಿದರು. ಬರಹಗಾರರು ಅವರೇ, ನಿರೂಪಕನೂ ಅವನೇ, ಜೋಕು ಮುಗಿದ ಮೇಲೆ ಮಾತ್ರ ಒಂದು ಹಳ್ಳ. ಆ ಹಳ್ಳದ ಮೇಲೆ ಕಾಲಿಟ್ಟು ದಾಟಲು ಅವರೆಲ್ಲ ಒದ್ದಾಡಿದ್ದನ್ನು ಬೆಂಗಳೂರಿನಲ್ಲಿ ಕೂತು ಯೂಟ್ಯೂಬಿನಲ್ಲಿ ನೋಡಿದ್ದೇನೆ. 2021ರ ಜೂನ್ 14ರಂದು ಲಸಿಕೆ ಹಾಕಿಸಿಕೊಂಡ ಪ್ರೇಕ್ಷಕರು ಸಲ್ಲಿವನ್ ಥಿಯೇಟರಿಗೆ ಮರಳಿದರು. ಒಬ್ಬರೇ ಇದ್ದಾಗಿನದಕ್ಕಿಂತ ಜನರ ನಡುವೆ ಇದ್ದಾಗ ಮನುಷ್ಯ ಮೂವತ್ತು ಪಟ್ಟು ಹೆಚ್ಚು ನಗುತ್ತಾನೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್ ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು. ಟಿವಿ ಕಂಪನಿಗಳಿಗೆ ಈ ಲೆಕ್ಕ ಅದಕ್ಕೂ ಮೊದಲೇ ಗೊತ್ತಿತ್ತು.

ಒಂದು ತಕರಾರು ಮಾತ್ರ ಉಳಿದಿದೆ. ಅಂದು ನಾವು ಎಷ್ಟೋ ಸಲ ನಕ್ಕಿದ್ದಲ್ಲ, ಒಪ್ಪಿದ್ದು. ರಾಜಕಾರಣಿಯ ಹೆಸರು ಬಂದದ್ದೇ ಚಪ್ಪಾಳೆ, ಮಾತು ನಗೆಯದ್ದೋ ಅಲ್ಲವೋ ನೋಡುವವರಿಲ್ಲ. ನಗುವಿನ ಜಾಗಕ್ಕೆ ಬಂದು ಕೂರುವ ಇಂಥ ಚಪ್ಪಾಳೆಗೆ ಅಮೆರಿಕದ ಹಾಸ್ಯಗಾರರಲ್ಲಿ ‘ಕ್ಲ್ಯಾಪ್ಟರ್’ ಎಂಬ ಮಾತಿದೆ, ಇನ್ನೊಬ್ಬ ತಡರಾತ್ರಿ ನಿರೂಪಕ ಸೇತ್ ಮೇಯರ್ಸ್ ಹೆಸರಿಗೆ ಅಂಟಿಕೊಂಡ ಮಾತು. ಕನ್ನಡದಲ್ಲಿ ‘ನಪ್ಪಾಳೆ’ ಎನ್ನಬಹುದೇನೋ. ನಗು ತಡೆದರೂ ಬರುತ್ತದೆ, ನಪ್ಪಾಳೆಯನ್ನು ನಾವು ಬೇಕೆಂದೇ ತಟ್ಟುತ್ತೇವೆ. ಹಾಸ್ಯಗಾರನಿಗೆ ಅದು ರುಚಿ ಹತ್ತಿದರೆ ಸಭೆ ಭಾಷಣದ ಸಭೆಯಾಗುತ್ತದೆ.

ಈಗ ಆ ಸಾಲು, ಆ ಚಳಿ ಎರಡಕ್ಕೂ ತೆರೆ. ‘ಲೇಟ್ ಶೋ’ವನ್ನು 2026ರ ಮೇ ತಿಂಗಳಿಗೆ ಮುಗಿಸುವುದಾಗಿ ಸಿಬಿಎಸ್ 2025ರ ಜುಲೈನಲ್ಲಿ ಪ್ರಕಟಿಸಿತು. ಬರೀ ಹಣಕಾಸಿನ ಕಾರಣ ಎಂದಿತು. ಅದಕ್ಕೆ ಕೆಲವೇ ದಿನ ಮುಂಚೆ, ಮಾತೃಸಂಸ್ಥೆ ಟ್ರಂಪ್ ಅವರೊಡನೆ 1.6 ಕೋಟಿ ಡಾಲರಿಗೆ ಮೊಕದ್ದಮೆ ರಾಜಿ ಮಾಡಿಕೊಂಡದ್ದನ್ನು ಕೋಲ್ಬೇರ್ ವೇದಿಕೆಯ ಮೇಲೆಯೇ ಹಂಗಿಸಿದ್ದರು. ಎರಡನ್ನೂ ಓದಿದವರು ತಮಗೆ ತೋಚಿದ್ದನ್ನು ನಂಬಿದರು.

ಅಂದು ನಾವು ಮನೆ ಸೇರಿದಾಗ ರಾತ್ರಿ ಒಂಬತ್ತು ದಾಟಿತ್ತು. ಅಣ್ಣನ ಮಗಳಿಗೆ ಬೆಳಿಗ್ಗೆ ಬೇಗ ಆಫೀಸು, ಹಾಲು ಕುಡಿದು ಮಲಗಿದಳು. 11.35ಕ್ಕೆ ನಾನೊಬ್ಬನೇ ಎದ್ದು ಬಂದು ಟಿವಿ ಹಾಕಿದೆ. ಮಕ್ಕಳು ಎದ್ದಾರೆಂದು ಧ್ವನಿ ಪೂರಾ ತಗ್ಗಿಸಿದೆ. ಅದೇ ಜೋಕು, ಅದೇ ಅತಿಥಿ, ಅದೇ ಗುಮ್ಮಟ. ಕ್ಯಾಮೆರಾ ಒಮ್ಮೆ ಪ್ರೇಕ್ಷಕರ ಮೇಲೆ ಹಾದುಹೋಯಿತು, ನಮ್ಮ ಸಾಲು ಬರುವಷ್ಟರಲ್ಲಿ ತಿರುಗಿಬಿಟ್ಟಿತು. ಒಂದು ತಾಸು ನೋಡಿದೆ. ಒಂದು ಸಲವೂ ನಗಲಿಲ್ಲ.